ದ್ವಾದಶಿಯಿಲ್ಲದ ಉಪವಾಸ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಕನ್ನಡದ ಹಳೆಯ ಗಾದೆ. ಬಾಯಿಗೆ ಸಂಬಂಧಿಸಿದ ಎರಡು ವಿದ್ಯೆಗಳನ್ನು ಈ ಗಾದೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಒಳಕ್ಕೆ ಹೋಗುವುದರ ವಿದ್ಯೆ ಒಂದು, ಹೊರಕ್ಕೆ ಬರುವುದರ ವಿದ್ಯೆ ಇನ್ನೊಂದು. ಸಾಮಾನ್ಯವಾಗಿ ಇವೆರಡೂ ಬೇರೆ ಬೇರೆ ಎಂದೇ ಜನರ ಎಣಿಕೆ. ಆದರೆ ಬಾಳಿನಲ್ಲಿ ಒಮ್ಮೊಮ್ಮೆ ಇವು ಕೂಡಿಕೊಳ್ಳುತ್ತವೆ. ಒಬ್ಬರ ಊಟ ಕೆಟ್ಟಾಗ ಅದನ್ನು ಸರಿಪಡಿಸಲು ಇನ್ನೊಬ್ಬರ ಮಾತು ಬೇಕಾಗುತ್ತದೆ. ಆ ಮಾತು ಎಂಥದಿರಬೇಕು, ಅದನ್ನು ಯಾರೊಡನೆ ಆಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಅರಿಯುವುದು ಸುಲಭವಲ್ಲ. ಗೆಳೆತನಕ್ಕೆ ಎದುರಾಗುವ ಕಠಿಣ ಪರೀಕ್ಷೆಗಳಲ್ಲಿ ಇದೂ ಒಂದು.

ಕನ್ನಡ ನಾಡಿನಲ್ಲಿ ಊಟವೆಂಬುದು ಕೇವಲ ಹೊಟ್ಟೆಯ ವಿಷಯವಲ್ಲ. ದಾರಿಯಲ್ಲಿ ಸಿಕ್ಕವರನ್ನು 'ಊಟ ಆಯಿತೆ?' ಎಂದು ಕೇಳುವುದು ಇಲ್ಲಿಯ ಕುಶಲಪ್ರಶ್ನೆ. ಮನೆಗೆ ಬಂದವರ ಎಲೆಗೆ ಅವರು ಬೇಡವೆಂದರೂ ಇನ್ನೊಂದು ಸೌಟು ಬಡಿಸುವುದು ಇಲ್ಲಿಯ ಆದರ. ದಾಸೋಹವೆಂಬ ಮಾತಿಗೆ ಈ ನಾಡು ಕೊಟ್ಟಿರುವ ಗೌರವವನ್ನು ಯಾರೂ ಮರೆಯಲಾರರು; ಶಾಲೆಯ ಮಕ್ಕಳ ಬಿಸಿಯೂಟಕ್ಕೂ 'ಅಕ್ಷರ ದಾಸೋಹ'ವೆಂದೇ ಹೆಸರು. ಇಂತಹ ನಾಡಿನಲ್ಲಿ, ಹಸಿವು ಬಡತನದಿಂದ ಮಾತ್ರ ಬರುತ್ತದೆಂದು ತಿಳಿಯುವುದು ಸಹಜ. ಮನೆಯಲ್ಲಿ ಅನ್ನವಿದ್ದು, ಬಡಿಸುವ ಕೈಯಿದ್ದು, ಎಳೆಯ ಜೀವವೊಂದು ತಾನಾಗಿಯೇ ತಟ್ಟೆಯನ್ನು ದೂರ ಸರಿಸುತ್ತದೆಂದರೆ ಹಿರಿಯರಿಗೆ ಅದು ಅರ್ಥವಾಗುವುದೇ ಕಷ್ಟ.

ಹದಿಮೂರು ಹದಿನಾಲ್ಕರ ವಯಸ್ಸು ದೇಹ ಬದಲಾಗುವ ಕಾಲ. ಎಲುಬು ಬೆಳೆಯುತ್ತದೆ, ರಕ್ತ ಹೆಚ್ಚುತ್ತದೆ, ಮೈಯ ಆಕಾರವೇ ಬೇರೆಯಾಗುತ್ತದೆ. ಜೀವಮಾನವಿಡೀ ಮನುಷ್ಯನನ್ನು ಹೊತ್ತು ನಿಲ್ಲಬೇಕಾದ ಮೂಳೆಗಳ ಗಟ್ಟಿತನದ ದೊಡ್ಡ ಪಾಲು ಸೇರುವುದು ಈ ಕೆಲವೇ ವರ್ಷಗಳಲ್ಲಿ. ಹೀಗೆ ದೇಹಕ್ಕೆ ಅತ್ಯಂತ ಹೆಚ್ಚು ಆಹಾರ ಬೇಕಾದ ಹೊತ್ತಿನಲ್ಲಿಯೇ ಮನಸ್ಸಿಗೆ ಕನ್ನಡಿಯ ಚಿಂತೆ ಹುಟ್ಟುತ್ತದೆ. ಸಿನಿಮಾದ ತೆರೆಯ ಮೇಲೆ, ಜಾಹೀರಾತಿನ ಹಲಗೆಯ ಮೇಲೆ, ಅಂಗೈಯಲ್ಲಿರುವ ಮೊಬೈಲಿನಲ್ಲಿ ಕಾಣುವ ರೂಪಗಳೊಡನೆ ಎಳೆಯರು ತಮ್ಮನ್ನು ತೂಗಿ ನೋಡಿಕೊಳ್ಳುತ್ತಾರೆ. ತರಗತಿಯಲ್ಲಿ ಯಾರೋ ತಮಾಷೆಗೆಂದು 'ಡುಮ್ಮಿ' ಎಂದಿರುತ್ತಾರೆ. ಮದುವೆಮನೆಯಲ್ಲಿ ನೆಂಟರೊಬ್ಬರು 'ಇವಳು ಹೀಗೆಯೇ ಊದುತ್ತ ಹೋದರೆ ಗತಿಯೇನು?' ಎಂದು ನಕ್ಕಿರುತ್ತಾರೆ. ಹೇಳಿದವರು ಆ ಮಾತನ್ನು ಅಲ್ಲಿಯೇ ಮರೆಯುತ್ತಾರೆ. ಕೇಳಿದ ಮಗು ಮರೆಯುವುದಿಲ್ಲ.

ಇಂತಹ ಒಂದು ಶಾಲೆಯ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮಧ್ಯಾಹ್ನದ ಗಂಟೆ ಬಾರಿಸಿದೆ. ಮೊಗಸಾಲೆಯಲ್ಲಿ ಮಕ್ಕಳು ಸಾಲಾಗಿ ತಟ್ಟೆ ಹಿಡಿದು ಕುಳಿತಿದ್ದಾರೆ. ಅನ್ನ, ಸಾಂಬಾರಿನ ಬಿಸಿ ಹಬೆ ಏಳುತ್ತಿದೆ. ಒಂಬತ್ತನೆಯ ತರಗತಿಯ ಇಬ್ಬರು ಗೆಳತಿಯರು ಪಕ್ಕಪಕ್ಕದಲ್ಲಿದ್ದಾರೆ. ಒಬ್ಬಳು ತನ್ನ ತಟ್ಟೆಯ ಅನ್ನವನ್ನು ಬೆರಳಿನಿಂದ ಅತ್ತ ಇತ್ತ ಸರಿಸುತ್ತಾಳೆಯೇ ಹೊರತು ತುತ್ತು ಬಾಯಿಗೆ ಹೋಗುವುದಿಲ್ಲ.

'ಯಾಕೇ, ಇವತ್ತೂ ಊಟ ಮಾಡಲ್ವಾ?'

'ಹಸಿವಿಲ್ಲ ಕಣೇ. ಬೆಳಿಗ್ಗೆ ಮನೆಯಲ್ಲಿ ತುಂಬಾ ತಿಂದುಬಿಟ್ಟೆ.'

'ನಿನ್ನೆಯೂ ಹಾಗೇ ಅಂದೆ. ಮೊನ್ನೆಯೂ ಹಾಗೇ ಅಂದೆ.'

'ನಿನಗೆ ಬೇಕಾದರೆ ನನ್ನದನ್ನೂ ತಿನ್ನು. ಸುಮ್ಮನೆ ತಲೆ ತಿನ್ನಬೇಡ!'

ಮೊದಲು ಇವಳು ಹೀಗಿರಲಿಲ್ಲ. ಖೊಖೊ ಆಟದಲ್ಲಿ ಇವಳನ್ನು ಮುಟ್ಟುವವರೇ ಇರಲಿಲ್ಲ. ಈಗ ಆಟದ ಅವಧಿಯಲ್ಲಿ ಮರದ ನೆರಳಿನಲ್ಲಿ ಕೂರುತ್ತಾಳೆ. ಬೇಸಗೆಯಲ್ಲಿಯೂ ಚಳಿಯೆನ್ನುತ್ತಾಳೆ. ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದಾಳೆ. ಕೂದಲು ಉದುರಿ ಜಡೆ ತೆಳುವಾಗಿದೆ. ಹುಟ್ಟುಹಬ್ಬಕ್ಕೆ ಕರೆದರೆ ಬರುವುದಿಲ್ಲ, ಅಲ್ಲಿ ತಿನ್ನಬೇಕಾಗುತ್ತದೆಂಬ ಭಯ. ಮನೆಯವರು ಶಾಲೆಯಲ್ಲಿ ಉಣ್ಣುತ್ತಾಳೆಂದು ತಿಳಿದಿದ್ದಾರೆ. ಶಾಲೆಯವರು ಮನೆಯಲ್ಲಿ ಉಂಡು ಬರುತ್ತಾಳೆಂದು ತಿಳಿದಿದ್ದಾರೆ. ಈ ಎರಡು ತಿಳಿವಳಿಕೆಗಳ ನಡುವಿನ ಸತ್ಯ ಗೊತ್ತಿರುವುದು ಪಕ್ಕದಲ್ಲಿ ಕುಳಿತ ಗೆಳತಿಯೊಬ್ಬಳಿಗೆ ಮಾತ್ರ.

ಇದನ್ನು ವ್ರತವೆಂದು ಕರೆಯಬಾರದೇಕೆ ಎಂದು ಯಾರಾದರೂ ಕೇಳಬಹುದು. ಉಪವಾಸ ಈ ದೇಶಕ್ಕೆ ಹೊಸದಲ್ಲ. ಏಕಾದಶಿಯಂದು, ಶಿವರಾತ್ರಿಯಂದು, ರಂಜಾನ್ ತಿಂಗಳಿನಲ್ಲಿ, ಪರ್ಯುಷಣದ ದಿನಗಳಲ್ಲಿ ಲಕ್ಷಾಂತರ ಜನ ಉಪವಾಸ ಮಾಡುತ್ತಾರೆ. ಮಹಾತ್ಮಾ ಗಾಂಧಿಯವರು 1943ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ 21 ದಿನಗಳ ಉಪವಾಸ ಕೈಗೊಂಡರು. 1948ರ ಜನವರಿ 13ರಂದು ದೆಹಲಿಯಲ್ಲಿ ಆರಂಭಿಸಿದ ಉಪವಾಸವನ್ನು, ಎಲ್ಲ ಮತಗಳ ಮುಖಂಡರು ಶಾಂತಿಯ ಮಾತು ಕೊಟ್ಟ ಮೇಲೆ, 18ರಂದು ಮುಗಿಸಿದರು. ಇಂತಹ ಉಪವಾಸಗಳಿಗೆಲ್ಲ ಒಂದು ಗುರಿಯುಂಟು, ಒಂದು ಅವಧಿಯುಂಟು. ಏಕಾದಶಿಯ ಮರುದಿನ ದ್ವಾದಶಿ ಬರುತ್ತದೆ; ಪಾರಣೆಯಾಗುತ್ತದೆ. ದಿನವಿಡೀ ನೀರನ್ನೂ ಮುಟ್ಟದವರು ಸೂರ್ಯಾಸ್ತವಾದೊಡನೆ ಖರ್ಜೂರವನ್ನು ಬಾಯಿಗಿಟ್ಟು ಎಲ್ಲರೊಡನೆ ಕುಳಿತು ಉಣ್ಣುತ್ತಾರೆ. ಉಪವಾಸ ಮಾಡುವವನು ಉಪವಾಸದ ಒಡೆಯನಾಗಿರುತ್ತಾನೆ. ಆದರೆ ಈ ಹುಡುಗಿಯ ಉಪವಾಸಕ್ಕೆ ದ್ವಾದಶಿಯೇ ಇಲ್ಲ. ಇಷ್ಟು ಇಳಿದರೆ ಸಾಕೆಂದುಕೊಂಡದ್ದು ಅಷ್ಟಾದ ಮೇಲೆ ಸಾಲದೆನಿಸುತ್ತದೆ. ಮೊದಲು ಅವಳು ಉಪವಾಸವನ್ನು ಹಿಡಿದಿದ್ದಳು. ಈಗ ಉಪವಾಸವು ಅವಳನ್ನು ಹಿಡಿದಿದೆ.

ವೈದ್ಯಶಾಸ್ತ್ರ ಈ ಸ್ಥಿತಿಯನ್ನು ಬಹಳ ಹಿಂದೆಯೇ ಗುರುತಿಸಿತು. 1873ರಲ್ಲಿ ಪ್ಯಾರಿಸ್ಸಿನ ವೈದ್ಯ ಲಾಸೆಗ್, ಅದೇ ಕಾಲದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಇಂತಹ ರೋಗಿಗಳ ವರದಿಗಳನ್ನು ಮಂಡಿಸಿದರು. ಗಲ್ ಇದಕ್ಕೆ 'ಅನೊರೆಕ್ಸಿಯಾ ನರ್ವೋಸಾ' ಎಂದು ಹೆಸರಿಟ್ಟನು. ಅನೊರೆಕ್ಸಿಯಾ ಎಂದರೆ ಹಸಿವಿಲ್ಲದಿರುವುದು. ನಿಜ ನೋಡಿದರೆ ಈ ಹೆಸರು ಪೂರ್ತಿ ಸರಿಯಲ್ಲ. ರೋಗಿಗೆ ಹಸಿವು ಇರುತ್ತದೆ; ಹಗಲಿರುಳು ಅದರೊಡನೆ ಹೋರಾಡುವುದೇ ಅವಳ ಬದುಕಾಗಿರುತ್ತದೆ. ಎಲುಬು ಕಾಣುವಷ್ಟು ಬಡಕಲಾದ ಮೇಲೂ ಕನ್ನಡಿಯಲ್ಲಿ ತಾನು ದಪ್ಪಗಿರುವಂತೆಯೇ ಅವಳಿಗೆ ತೋರಬಹುದು. ಹುಡುಗಿಯರಲ್ಲಿ ಈ ರೋಗ ಹೆಚ್ಚಾಗಿ ಕಂಡರೂ ಹುಡುಗರನ್ನು ಅದು ಬಿಡುವುದಿಲ್ಲ. ಮುಟ್ಟು ನಿಂತುಹೋಗುವುದು, ಮೂಳೆಗಳು ಸವೆಯುವುದು, ಹೃದಯದ ಬಡಿತ ನಿಧಾನವಾಗುವುದು ಇದರ ಪರಿಣಾಮಗಳು. ಮನಸ್ಸಿಗೆ ಸಂಬಂಧಿಸಿದ ಕಾಯಿಲೆಗಳಲ್ಲಿ ಪ್ರಾಣಕ್ಕೆ ಹೆಚ್ಚು ಅಪಾಯ ತರುವವುಗಳ ಸಾಲಿನಲ್ಲಿ ಇದೂ ಸೇರಿದೆ.

ಉಪವಾಸದಿಂದ ಮನುಷ್ಯನ ಸ್ವಭಾವವೇ ಹೇಗೆ ಬದಲಾಗುತ್ತದೆಂಬುದನ್ನು ತಿಳಿಸುವ ಒಂದು ಪ್ರಯೋಗ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ನಡೆಯಿತು. 1944ರ ನವೆಂಬರ್ ತಿಂಗಳಿನಲ್ಲಿ ಅದು ಆರಂಭವಾಯಿತು. ಎರಡನೆಯ ಮಹಾಯುದ್ಧದಿಂದ ಹಸಿದು ಕಂಗೆಟ್ಟ ಜನರಿಗೆ ಯಾವ ಬಗೆಯಲ್ಲಿ ಆಹಾರ ಕೊಟ್ಟು ಚೇತರಿಸುವಂತೆ ಮಾಡಬೇಕೆಂಬುದನ್ನು ಅರಿಯುವುದು ಅದರ ಉದ್ದೇಶ. ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದ 36 ಮಂದಿ ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದರು. ವಿಜ್ಞಾನಿ ಆನ್ಸೆಲ್ ಕೀಸ್ ಅವರ ಮೇಲ್ವಿಚಾರಣೆಯಲ್ಲಿ 24 ವಾರಗಳ ಕಾಲ ಅವರಿಗೆ ವಾಡಿಕೆಯ ಆಹಾರದ ಸುಮಾರು ಅರ್ಧದಷ್ಟನ್ನು ಮಾತ್ರ ಕೊಡಲಾಯಿತು.

ಮೈ ಸೊರಗುವುದೆಂದು ಎಲ್ಲರೂ ನಿರೀಕ್ಷಿಸಿದ್ದರು. ಆದರೆ ಸೊರಗಿದ್ದು ಮೈಯೊಂದೇ ಅಲ್ಲ. ಲವಲವಿಕೆಯ ಯುವಕರು ಮಂಕಾದರು. ನಗುವುದನ್ನು ಮರೆತರು. ಸಣ್ಣ ಮಾತಿಗೂ ಸಿಡುಕಿದರು. ಗೆಳೆಯರ ಗುಂಪನ್ನು ಬಿಟ್ಟು ಒಂಟಿಯಾಗಿರಬಯಸಿದರು. ಓದಿನಲ್ಲಿ ಮನಸ್ಸು ನಿಲ್ಲದೆಂದು ದೂರಿದರು. ಹಗಲೆಲ್ಲ ಅವರ ಯೋಚನೆ ಆಹಾರದ ಸುತ್ತಲೇ ತಿರುಗಿತು; ಅಡುಗೆಯ ಪುಸ್ತಕಗಳನ್ನು ಓದತೊಡಗಿದವರೂ ಅವರಲ್ಲಿದ್ದರು. ಮತ್ತೆ ಆಹಾರ ದೊರೆತ ಮೇಲೂ ಮನಸ್ಸು ಹಳೆಯ ಹದಕ್ಕೆ ಬರಲು ತಿಂಗಳುಗಳೇ ಬೇಕಾದುವು. ಈ ಪ್ರಯೋಗದ ವಿವರಗಳು 1950ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಪ್ರಕಟವಾದುವು.

ಈ ಯುವಕರಿಗೆ ಮೊದಲು ಯಾವ ಮನೋರೋಗವೂ ಇರಲಿಲ್ಲ. ಅವರ ಸ್ವಭಾವವನ್ನು ಕೆಡಿಸಿದ್ದು ಹಸಿವು. ಗೆಳೆಯರಾದವರಿಗೆ ಇದರಲ್ಲಿ ಒಂದು ದೊಡ್ಡ ಪಾಠವಿದೆ. 'ಸುಮ್ಮನೆ ತಲೆ ತಿನ್ನಬೇಡ' ಎಂದು ಸಿಡುಕಿದವಳು ನಿಜವಾಗಿ ಗೆಳತಿಯನ್ನು ದ್ವೇಷಿಸುವವಳಲ್ಲ. ಆ ಸಿಡುಕಿನ ಹಿಂದೆ ಬರಿದಾದ ಹೊಟ್ಟೆಯಿದೆ, ಬಳಲಿದ ಮಿದುಳಿದೆ. ಅದನ್ನು ಅಪಮಾನವೆಂದು ಬಗೆದು ದೂರ ಸರಿದರೆ, ಅವಳು ಇದ್ದ ಒಂದು ಆಸರೆಯನ್ನೂ ಕಳೆದುಕೊಂಡಂತಾಗುತ್ತದೆ.

ಹಾಗಾದರೆ ಗೆಳತಿ ಏನು ಮಾಡಬೇಕು? ಮೊದಲು ಹೊಳೆಯುವ ಉಪಾಯ ಒತ್ತಾಯ. 'ನನ್ನಾಣೆ, ಇದೊಂದು ತುತ್ತು ತಿನ್ನು' ಎಂದು ಗೋಗರೆಯುವುದು, 'ಹೀಗೇ ಮಾಡಿದರೆ ಸತ್ತುಹೋಗುತ್ತೀಯೆ' ಎಂದು ಹೆದರಿಸುವುದು, ಎಲ್ಲರೆದುರಿಗೆ ತಟ್ಟೆಯನ್ನು ತೋರಿಸಿ ನಾಚಿಸುವುದು ಒಳ್ಳೆಯ ಮನಸ್ಸಿನಿಂದಲೇ ನಡೆಯಬಹುದು. ಆದರೆ ಇದರಿಂದ ಊಟದ ಹೊತ್ತು ಜಗಳದ ಹೊತ್ತಾಗುತ್ತದೆ. ಅವಳು ಮತ್ತಷ್ಟು ಬಚ್ಚಿಡುವುದನ್ನು ಕಲಿಯುತ್ತಾಳೆ. ಒತ್ತಾಯದಿಂದ ಬೇರೊಂದು ಅಪಾಯವೂ ಇದೆ. 1945ರಲ್ಲಿ ಯುದ್ಧ ಮುಗಿದು ಸೆರೆಶಿಬಿರಗಳಿಂದ ಬಿಡುಗಡೆಯಾದ ಹಸಿದ ಜನರಲ್ಲಿ ಕೆಲವರು ಒಮ್ಮೆಲೇ ಹೊಟ್ಟೆತುಂಬ ತಿಂದು, ಅದನ್ನು ದೇಹ ತಾಳಲಾರದೆ ಮಡಿದರು. ಬಹುಕಾಲ ಉಪವಾಸವಿದ್ದ ದೇಹಕ್ಕೆ ಆಹಾರವನ್ನು ಎಷ್ಟು, ಹೇಗೆ ಕೊಡಬೇಕೆಂಬುದು ವೈದ್ಯರು ನಿರ್ಧರಿಸಬೇಕಾದ ಕೆಲಸ, ಗೆಳತಿಯ ಕೆಲಸವಲ್ಲ.

ಮೈಕಟ್ಟಿನ ಮಾತನ್ನಂತೂ ಎಚ್ಚರಿಕೆಯಿಂದ ಆಡಬೇಕು. 'ಕಡ್ಡಿಯಂತಾಗಿದ್ದೀಯೆ' ಎಂದು ಕನಿಕರದಿಂದ ಹೇಳಿದರೆ ಅವಳ ಕಿವಿಗೆ ಅದು ಹೊಗಳಿಕೆಯಾಗಿ ಕೇಳಿಸಬಹುದು. ನಾಲ್ಕು ದಿನ ಸರಿಯಾಗಿ ಉಂಡಾಗ, ಈ ನಾಡಿನ ರೂಢಿಯಂತೆ 'ಈಗ ಮೈಕೈ ತುಂಬಿಕೊಂಡಿದ್ದೀಯಮ್ಮ' ಎಂದು ಹಿರಿಯರು ಮೆಚ್ಚಿದರೆ, ಆ ಮೆಚ್ಚುಗೆಯೇ ಅವಳನ್ನು ಮರುದಿನ ಮತ್ತೆ ಉಪವಾಸಕ್ಕೆ ತಳ್ಳಬಹುದು. ತೂಕದ ಮಾತು, ಕೊಬ್ಬಿನ ಮಾತು, ಇನ್ನೊಬ್ಬರ ಸೊಂಟದ ಮಾತು ಇವುಗಳನ್ನು ಬಿಟ್ಟು ಆಡಲು ಜಗತ್ತಿನಲ್ಲಿ ಬೇಕಾದಷ್ಟು ಮಾತುಗಳಿವೆ. ಗೆಳತಿ ಆಡಬೇಕಾದದ್ದು ತಾನು ಕಂಡದ್ದನ್ನು, ತನಗೆ ಅನಿಸಿದ್ದನ್ನು. ಅದಕ್ಕೆ ಏಕಾಂತ ಬೇಕು, ಊಟದ ಹೊತ್ತಲ್ಲದ ಹೊತ್ತು ಬೇಕು. ಶಾಲೆಯಿಂದ ಮನೆಗೆ ನಡೆಯುವ ದಾರಿ ಇದಕ್ಕೆ ತಕ್ಕ ಸ್ಥಳ.

'ನೀನು ಪ್ರಾರ್ಥನೆಯಲ್ಲಿ ಬಿದ್ದಾಗ ನನಗೆ ಕೈಕಾಲೇ ಆಡಲಿಲ್ಲ ಕಣೇ. ಮೊದಲಿನ ಹಾಗೆ ನೀನು ನಗೋದನ್ನ ನೋಡಿ ಎಷ್ಟು ದಿನ ಆಯ್ತು! ಏನಾಗ್ತಿದೆ ಅಂತ ಹೇಳು. ನಾನು ಬೈಯಲ್ಲ.'

ಇಷ್ಟು ಹೇಳಿ ಸುಮ್ಮನೆ ಜೊತೆಯಲ್ಲಿ ನಡೆಯಬೇಕು. ಮೊದಲ ದಿನ ಉತ್ತರ ಬಾರದಿರಬಹುದು. 'ಏನೂ ಆಗಿಲ್ಲ' ಎಂಬ ಸುಳ್ಳೇ ಉತ್ತರವಾಗಬಹುದು. ಕೇಳುವ ಕಿವಿಯೊಂದು ಇದೆ ಎಂದು ತಿಳಿದರೂ ಸಾಕು, ಅಷ್ಟು ಬಾಗಿಲು ತೆರೆದಂತೆ.

ಬಾಗಿಲು ತೆರೆದಾಗ ಎದುರಾಗುವುದು ಇನ್ನೂ ದೊಡ್ಡ ಸಂಕಟ. ಅವಳು ಅಳುತ್ತಾಳೆ, ಎಲ್ಲವನ್ನೂ ಹೇಳುತ್ತಾಳೆ. ಕೊನೆಗೆ ಕೈ ಹಿಡಿದು, 'ಯಾರಿಗೂ ಹೇಳಬೇಡ. ಅಮ್ಮನಿಗೆ ಗೊತ್ತಾದರೆ ನಿನ್ನ ಜೊತೆ ಮತ್ತೆ ಮಾತಾಡಲ್ಲ' ಎನ್ನುತ್ತಾಳೆ. ಗೆಳೆತನದಲ್ಲಿ ಗುಟ್ಟು ಕಾಯುವುದು ಧರ್ಮವೆಂದು ಎಲ್ಲರೂ ಬಲ್ಲರು. ಇಲ್ಲಿ ಆ ಧರ್ಮವನ್ನು ಕಾಯಬೇಕೆ, ಗೆಳತಿಯ ಪ್ರಾಣವನ್ನು ಕಾಯಬೇಕೆ?

ಮಹಾಭಾರತದಲ್ಲಿ ಕರ್ಣನ ಸ್ನೇಹನಿಷ್ಠೆಯನ್ನು ಲೋಕ ಕೊಂಡಾಡುತ್ತದೆ. ಆ ನಿಷ್ಠೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ದುರ್ಯೋಧನನನ್ನು ಉಳಿಸಲಿಲ್ಲ. ಅವನು ನಡೆದ ಹಾದಿಗೆ ಜೊತೆಯಾಯಿತು, ಅಷ್ಟೆ. ಕೇಳುವವರಿಗೆ ಕಹಿಯಾದರೂ ಹಿತವನ್ನು ಹೇಳಿದವನು ವಿದುರ. ಮನೆಗೆ ಬೆಂಕಿ ಬಿದ್ದಿರುವುದನ್ನು ಗುಟ್ಟಾಗಿಡಲು ಯಾರೂ ಮಾತು ಕೊಡಲಾರರು. ಆದ್ದರಿಂದ ಗೆಳತಿ ನೇರವಾಗಿಯೇ ಹೇಳುವುದು ಒಳ್ಳೆಯದು: 'ಇದನ್ನ ತರಗತಿಯಲ್ಲಿ ಯಾರಿಗೂ ಹೇಳಲ್ಲ. ಆದರೆ ದೊಡ್ಡವರೊಬ್ಬರಿಗೆ ಹೇಳಲೇಬೇಕು. ನೀನೇ ಹೇಳ್ತೀಯಾ, ನಾನೂ ಜೊತೆಗೆ ಬರಲಾ?' ಹಿಂದಿನಿಂದ ಹೋಗಿ ಚಾಡಿ ಹೇಳುವುದಕ್ಕೂ ಮುಂದೆ ನಿಂತು ಹೀಗೆ ತಿಳಿಸಿ ನಡೆಯುವುದಕ್ಕೂ ಬಹಳ ಅಂತರವುಂಟು. ಅವಳು ಮುನಿಯಬಹುದು, ವಾರಗಟ್ಟಲೆ ಮಾತು ಬಿಡಬಹುದು. ಮುನಿದ ಗೆಳತಿ ಮತ್ತೆ ಒಲಿಯಬಲ್ಲಳು, ಹೋದ ಪ್ರಾಣ ಮರಳುವುದಿಲ್ಲ.

ತಡವಾದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಗಾಯಕಿ ಕ್ಯಾರೆನ್ ಕಾರ್ಪೆಂಟರ್ ಅವರ ಬಾಳು ಸಾಕ್ಷಿ. ಅಣ್ಣ ರಿಚರ್ಡ್ ಜೊತೆಗೂಡಿ ಹಾಡಿದ ಆಕೆಯ ದನಿಗೆ 1970ರ ದಶಕದಲ್ಲಿ ಹಲವು ದೇಶಗಳ ಜನ ಮನಸೋತಿದ್ದರು. 1975ರಲ್ಲಿ ಬಳಲಿಕೆಯಿಂದ ಆಕೆಯ ವಿದೇಶ ಪ್ರವಾಸವೊಂದನ್ನೇ ರದ್ದುಪಡಿಸಬೇಕಾಯಿತು. ಆಕೆ ಸೊರಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ಇದೊಂದು ರೋಗವೆಂಬ ಅರಿವು ಅಂದು ಜನಸಾಮಾನ್ಯರಲ್ಲಿ ಇರಲಿಲ್ಲ. ಬಹಳ ತಡವಾಗಿ ಚಿಕಿತ್ಸೆ ಪಡೆದ ಆಕೆ 1983ರ ಫೆಬ್ರವರಿ 4ರಂದು, 32ನೆಯ ವಯಸ್ಸಿನಲ್ಲಿ, ರೋಗದಿಂದ ದುರ್ಬಲವಾದ ಹೃದಯ ನಿಂತು ತೀರಿಕೊಂಡರು. ಆ ಸಾವಿನ ಅನಂತರವೇ ಈ ರೋಗದ ಹೆಸರು ಮನೆಮನೆಯ ಮಾತಾದದ್ದು.

ಇಂದು ನೆರವಿಗೆ ದಾರಿಗಳಿವೆ. ಮನೆಯ ಹಿರಿಯರು, ನಂಬಿಕೆಯ ಶಿಕ್ಷಕರು, ಹತ್ತಿರದ ಆಸ್ಪತ್ರೆಯ ವೈದ್ಯರು ಮೊದಲ ಮೆಟ್ಟಿಲು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತಹ ಕಡೆಗಳಲ್ಲಿ ತಜ್ಞರಿದ್ದಾರೆ. 2022ರ ಅಕ್ಟೋಬರ್ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯಷ್ಟೇ ಅಲ್ಲ, ರೋಗಿಯ ಚಿಂತೆಯಲ್ಲಿರುವ ಗೆಳತಿಯೂ ಅಲ್ಲಿ ಸಲಹೆ ಕೇಳಬಹುದು. ಹದಿನಾಲ್ಕರ ಹುಡುಗಿಯೊಬ್ಬಳು ಇಂತಹ ಹೊರೆಯನ್ನು ಒಂಟಿಯಾಗಿ ಹೊರಬೇಕಾಗಿಲ್ಲ, ಹೊರಲೂಬಾರದು.

ದೊಡ್ಡವರ ಕೈಗೆ ಹೊಣೆ ಒಪ್ಪಿಸಿದ ಮೇಲೆ ಗೆಳತಿಯ ಕೆಲಸ ಮುಗಿಯಿತೆಂದಲ್ಲ. ಅದು ಆಗ ಹಗುರವಾಗುತ್ತದೆ, ಸಹಜವಾಗುತ್ತದೆ. ತಪ್ಪಿಹೋದ ಪಾಠಗಳ ಟಿಪ್ಪಣಿಯನ್ನು ಬರೆದುಕೊಡುವುದು, ಹರಟೆಗೆ ಕರೆಯುವುದು, ಅವಳ ತಟ್ಟೆಯನ್ನು ಕಾವಲು ಕಾಯದೆ ತನ್ನ ತಟ್ಟೆಯ ಊಟವನ್ನು ಸಂತೋಷದಿಂದ ಉಣ್ಣುವುದು, ಯಾರಾದರೂ ಮೈಕಟ್ಟನ್ನು ಹಾಸ್ಯಮಾಡಿದರೆ ಅಲ್ಲಿಯೇ ತಡೆಯುವುದು, ಇವೆಲ್ಲ ಚಿಕ್ಕ ಕೆಲಸಗಳು. ತಾನು ರೋಗಿ ಮಾತ್ರವಲ್ಲ, ಮೊದಲಿನ ಮನುಷ್ಯಳೇ ಎಂಬ ನಂಬಿಕೆಯನ್ನು ಅವಳಲ್ಲಿ ಉಳಿಸುವುದು ಇವೇ. ಗುಣವಾಗುವುದು ನಿಧಾನ. ಒಂದು ವಾರ ಮುಂದೆ, ಎರಡು ದಿನ ಹಿಂದೆ, ಹೀಗೆ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಕಳೆಯಬಹುದು.

ಸಿದ್ಧಾರ್ಥ ಗೌತಮನು ಉರುವೇಲದ ಕಾಡಿನಲ್ಲಿ ಆರು ವರ್ಷಗಳ ಕಾಲ ದೇಹವನ್ನು ದಂಡಿಸಿದನೆಂದು ಬೌದ್ಧ ಪರಂಪರೆ ಹೇಳುತ್ತದೆ. ಹೊಟ್ಟೆಯನ್ನು ಮುಟ್ಟಿದರೆ ಬೆನ್ನುಮೂಳೆ ಕೈಗೆ ಸಿಗುವಷ್ಟು ಅವನು ಕೃಶನಾದನಂತೆ. ಜೊತೆಯಲ್ಲಿದ್ದ ಐವರು ತಪಸ್ವಿಗಳು ಆ ಉಪವಾಸವನ್ನು ಮೆಚ್ಚಿದರು. ಅವನು ಉಂಡದ್ದನ್ನು ಕಂಡು ಭ್ರಷ್ಟನಾದನೆಂದು ತೊರೆದು ಹೋದರು. ವೃಕ್ಷದೇವತೆಗೆಂದು ಹಾಲಿನ ಪಾಯಸ ತಂದಿದ್ದ ಸುಜಾತೆಯೆಂಬ ಹೆಣ್ಣುಮಗಳು ಅದನ್ನು ಅವನ ಮುಂದಿಟ್ಟಳು. ಉಪದೇಶ ಮಾಡಲಿಲ್ಲ, ಬೈಯಲಿಲ್ಲ. ದೇಹವನ್ನು ಕೊಲ್ಲುವುದು ಜ್ಞಾನದ ದಾರಿಯಲ್ಲವೆಂದು ಅವನು ತಾನೇ ಕಂಡುಕೊಂಡಿದ್ದನು. ಆ ಅರಿವಿಗೆ ಆ ಪಾಯಸದಿಂದ ಬಲ ಬಂದಿತು. ಅವನು ಬೋಧಿಸಿದ ಮಧ್ಯಮ ಮಾರ್ಗದ ಹಿಂದೆ ಆ ಒಂದು ಬಟ್ಟಲೂ ಇದೆ. ತೊರೆದು ಹೋದ ಐವರಿಗೇ ಮುಂದೆ ಸಾರನಾಥದಲ್ಲಿ ಅವನ ಮೊದಲ ಉಪದೇಶ ದೊರೆಯಿತು.

ಹಸಿವನ್ನು ಮೆಚ್ಚುವ ಐವರು ಎಲ್ಲ ಕಾಲದಲ್ಲಿಯೂ ಸುಲಭವಾಗಿ ಸಿಗುತ್ತಾರೆ. ಬಟ್ಟಲನ್ನು ಮುಂದಿಟ್ಟು ತಾಳ್ಮೆಯಿಂದ ನಿಲ್ಲುವವರು ವಿರಳ. ದ್ವಾದಶಿಯಿಲ್ಲದ ಉಪವಾಸದಲ್ಲಿ ಸಿಕ್ಕಿಬಿದ್ದವರಿಗೂ ವೈದ್ಯರ ನೆರವಿನಿಂದ, ಮನೆಯವರ ಪ್ರೀತಿಯಿಂದ, ಪಾರಣೆಯ ದಿನ ಬರುತ್ತದೆ. ಅದು ಬರುವ ತನಕ ಕೈಬಿಡದೆ ಜೊತೆಯಲ್ಲಿರುವುದು ಗೆಳೆಯರ ಪಾಲಿಗೆ ಬಂದ ಕೆಲಸ.